ರಘೋತ್ತಮನಿಗೆ ಕೊಟ್ಟ ದಾಳ

ರಾಣೆಬೆನ್ನೂರು, ೧೪ ನವೆಂಬರ್ ೧೯೯೩

ಆ ಉಡುಗೊರೆ ಕೊಡಬಾರದಿತ್ತು. ಮಾಂತ್ರಿಕರು, ರಾಕ್ಷಸರ ಕತೆ ಕಟ್ಟಿ, ದಾಳ ಉರುಳಿಸಿ ಆಡುವ ನಮ್ಮ ಆಟಕ್ಕೆ ರಘೋತ್ತಮನೇ ಕತೆಗಾರ. ಬೇಸಿಗೆಯ ಅಪಘಾತದಲ್ಲಿ ಅವನ ಕಣ್ಣು ಹೋದ ಮೇಲೆ ಆಟ ನಿಂತಿತ್ತು. ಅವನ ಹುಟ್ಟುಹಬ್ಬಕ್ಕೆಂದು ಬ್ಯಾಡಗಿಯ ಬಡಗಿಯಿಂದ, ಚುಕ್ಕಿಗಳ ಜಾಗದಲ್ಲಿ ಹಿತ್ತಾಳೆ ಮೊಳೆ ಬಡಿದ ದಾಳ ಮಾಡಿಸಿದ್ದೆ.

ಇವತ್ತು ಹಾವೇರಿಗೆ ಹೋಗಿ ಕೊಟ್ಟೆ. ಉರುಳಿಸಿ, ಬೆರಳಾಡಿಸಿ, "ಐದು" ಎಂದ. ಸರಿಯಾಗಿತ್ತು. ನಾನು ಹಿಗ್ಗಿನಿಂದ, "ಹಂಗಾರ ಕಥಿ ಶುರು ಮಾಡು" ಎಂದೆ. ಅವನು ತಲೆ ಅಲ್ಲಾಡಿಸಿದ.

"ದಾಳ ಓದಲಿಕ್ಕೆ ಬಂತೋ ಬಾಳ್ಯಾ. ಆದರ ಕಾಡು ಅಂದ್ರ ಕಾಡು ಕಾಣಸವಲ್ದು. ಒಳಗೂ ಕತ್ತಲಿನ ಅದ. ಏನ್ ಹೇಳ್ಲಿ?"

ದಾಳವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಅಡಿಗೆಮನೆಯಿಂದ ಅವನ ತಾಯಿ ಗೋದೂಬಾಯಿ, "ಆಟ ಶುರು ಆತೇನ್ರೋ?" ಎಂದು ಕೇಳಿದರು. ಹೂಂ ಎಂದುಬಿಟ್ಟೆ. ನಾಳೆ ಅವರು ಅವನನ್ನೇ ಕೇಳಿದರೆ, ನನ್ನ ಸುಳ್ಳನ್ನು ಅವನೇ ಮುಚ್ಚಬೇಕು, ಇಲ್ಲವೇ ಒಳಗಿನ ಕತ್ತಲನ್ನು ತಾಯಿಗೂ ಹೇಳಬೇಕು.