ಅಜ್ಜಾರ ದನಿ

ಮೇ ೫, ಭಾನುವಾರ. ಬೆಳಿಗ್ಗೆ

ಇವತ್ತೂ ಮೆಟ್ಟಿಲು. ಅಂಬವ್ವನ ಬೆನ್ನಿಗೆ ಚೀಲ, ಚೀಲದಲ್ಲಿ ಐದು ಕಿಲೋ ಜೋಳದ ಹಿಟ್ಟು. ಮೈಮೇಲೆ ಇಳಕಲ್ ಸೀರೆ, ಕಾಲಿಗೆ ಹೊಸ ಟ್ರೆಕ್ಕಿಂಗ್ ಬೂಟು. ಮುಂಬೈ ವಡಾಲದ ನಮ್ಮ ಬಿಲ್ಡಿಂಗಿಗೆ ಹನ್ನೆರಡು ಮಾಳಿಗೆ. ಅವಳು ಮೆಟ್ಟಿಲಲ್ಲಿ, ನಾನು ಲಿಫ್ಟಿನಲ್ಲಿ. ಮೊದಲೇ ಹೋಗಿ ನಿಂತು ಒಂದೊಂದು ಮಾಳಿಗೆಯಲ್ಲಿ ಒಂದೊಂದು ದನಿ. ಮೂರರಲ್ಲಿ ಟಿಕೆಟ್ ಚೆಕರ್. ಆರರಲ್ಲಿ ಮೀನು ಮಾರುವ ಮಾವಶಿ. ಒಂಬತ್ತರಲ್ಲಿ ಯಮ. ಬಾಗಿಲು ತೆಗೆದು, ಬಾ ಮಗಳೇ ಮೇಲೆ ಹೋಗೋಣ ಅಂದೆ. ಅವಳು ಏದುಸಿರು ಬಿಡುತ್ತಲೇ, ‘ಯಮಾ ಲಿಫ್ಟಿನ್ಯಾಗ ಬರ್ತಾನಂದ್ರ ಅವಂಗೂ ಮೊಣಕಾಲು ಹೋಗ್ಯಾವು ಬಿಡ್ರಿ’ ಅಂದು ಹತ್ತಕ್ಕೆ ಹೋದಳು.

ಗಂಡ ಹೆಂಡತಿ ಇಬ್ಬರೂ ಟ್ರೆಕ್ಕಿಂಗಿಗೆ ಹೋಗಬೇಕಿತ್ತು. ಉತ್ತರಾಖಂಡದಲ್ಲಿ ಹದಿನಾಲ್ಕು ಸಾವಿರ ಅಡಿ ಮೇಲೆ ಒಂದು ಸರೋವರ, ಮೇ ತಿಂಗಳಲ್ಲೂ ಹೆಪ್ಪುಗಟ್ಟಿರುತ್ತದಂತೆ. ಅರವತ್ತಾರು ವರ್ಷದಲ್ಲಿ ಅವಳು ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಮೆಡಿಕಲ್ ಟೆಸ್ಟಿನಲ್ಲಿ ನನ್ನ ಬಿಪಿ ನೋಡಿ ಡಾಕ್ಟರ್ ನಕ್ಕರು. ಅವಳು ಬೆಟ್ಟ ಏರುವವಳು, ನಾನು ಬಿಪಿ ಏರುವವ. ನನ್ನ ಜಾಗಕ್ಕೆ ಪಕ್ಕದ ಮನೆಯ ಶುಭಾಂಗಿತಾಯಿ, ಮರಾಠಿಯವರಲ್ಲಿ ತಾಯಿ ಅಂದರೆ ಅಕ್ಕ. ಆಕೆಗೂ ಹತ್ತು ವರ್ಷದ ಆಸೆ.

ಸಂಜೆ

ವಿಲೆ ಪಾರ್ಲೆಯಲ್ಲಿ ಮೀಟಿಂಗ್. ಟ್ರೆಕ್ ಲೀಡರ್ ಕಿಶೋರ, ಬಿಸಿಲಿಗೆ ಮೂಗು ಸುಲಿದ ಹುಡುಗ. ಎಲ್ಲರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ ತೋರಿಸಿದ. ಗಾಳಿ ಕಡಿಮೆ, ನಿಧಾನ ನಡೆಯಿರಿ. ದಿನಕ್ಕೆ ನಾಲ್ಕು ಲೀಟರ್ ನೀರು, ಬೆಳಿಗ್ಗೆ ಎದ್ದಕೂಡಲೇ ಶುರು. ತಲೆನೋವು ಬಂದರೆ ಮುಚ್ಚಿಡಬೇಡಿ, ತಲೆನೋವು ಇಟ್ಟುಕೊಂಡು ಮೇಲೆ ಹತ್ತಿದವರೇ ಸಾಯುವುದು. ಇಬ್ಬಿಬ್ಬರ ಜೋಡಿ, ಒಬ್ಬರನ್ನು ಇಳಿಸಿದರೆ ಜೋಡಿಯವರೂ ಇಳಿಯಬೇಕು. ಅಂಬವ್ವ ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದಳು. ನಾನು ಹಿಂದೆ ಕೂತು, ನಾಲ್ಕು ಲೀಟರ್ ಒಳಗೆ ಹೋದರೆ ಅದು ಟ್ರೆಕ್ಕಿಂಗ್ ಅಲ್ಲ, ಲೀಕಿಂಗ್ ಅಂದೆ. ಎಲ್ಲರೂ ನಕ್ಕರು. ಕಿಶೋರ ನಗಲಿಲ್ಲ.

ಮೇ ೮, ಬುಧವಾರ

ಇವತ್ತಿನದು ದೊಡ್ಡ ಬೇಟೆ. ಕೆಳಗಿನ ಮನೆಯ ನಿಂಗಣ್ಣನ ಹೊಸ ನಂಬರಿನಿಂದ ಅಂಬವ್ವನಿಗೆ ಕಾಲ್. ದನಿ ನಮ್ಮ ಮಠದ ಸ್ವಾಮಿಗಳು, ಅಜ್ಜಾರದು. ಅದೇ ಗೊಗ್ಗರು, ಪ್ರತಿ ಮಾತಿಗೆ ಮುಂಚೆ ಅದೇ ಒಂದು ‘ಹ್ಞಾ ತಾಯಿ’. ಹಿಮಾಲಯಕ್ಕೆ ಹೊಂಟೀಯಂತ, ಆಶೀರ್ವಾದ, ಹೋಗೂ ಮೊದಲ ಮಠಕ್ಕ ನೂರಾಒಂದು ಹೋಳಿಗಿ ಮಾಡಿ ಕಳಸು ಅಂದೆ.

ನಿಂಗಣ್ಣ ಬಾಗಿಲ ಸಂದಿಯಿಂದ ನೋಡಿ ವರದಿ ಕೊಟ್ಟ. ಎದ್ದು ನಿಂತಳು. ತಲೆ ಮೇಲೆ ಸೆರಗು. ಫೋನಿಗೆ ನಮಸ್ಕಾರ. ಮೇಲೆ ಹೋಗುವಷ್ಟರಲ್ಲಿ ಕಡಲೆಬೇಳೆ ನೆನೆ ಹಾಕಿಯಾಗಿತ್ತು.

ನಕ್ಕುಬಿಟ್ಟೆ. ನಗಬಾರದಿತ್ತು. ಸಿಟ್ಟು ಮಾಡಲಿಲ್ಲ, ಅತ್ತಳು. ನನ್ನ ಎಲ್ಲ ದನಿಗೂ ನಲವತ್ತೆರಡು ವರ್ಷದಿಂದ ನಕ್ಕವಳು. ಆಮೇಲೆ ಮೆಲ್ಲಗೆ, ‘ಅಜ್ಜಾರ ದನಿ ಒಂದು ಬಿಟ್ಟಿದ್ರಿ, ಅದನ್ನೂ ಮುಗಿಸಿದ್ರಿ. ಇನ್ನ ಮ್ಯಾಲ ಅವರ ಫೋನ್ ಬಂದ್ರ ನೀವ ಅಂತ ತಿಳಕೋತೀನಿ’ ಅಂದಳು.

ಬೇಳೆ ವ್ಯರ್ಥ ಆಗಬಾರದೆಂದು ರಾತ್ರಿ ಹೋಳಿಗೆ. ತಟ್ಟೆ ಇಟ್ಟಳು, ಮಾತು ಇಡಲಿಲ್ಲ.

ಮೇ ೧೧, ಶನಿವಾರ

ಮಾತು ಶುರು. ಮೊದಲ ಮಾತು: ಇನ್ನೊಂದು ಚಾದರ ಕೊಡ್ರಿ.

ಪ್ಯಾಕಿಂಗ್. ಥರ್ಮಲ್, ಟೋಪಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ವಿಭೂತಿ ಗಟ್ಟಿ, ಸಣ್ಣ ತಾಮ್ರದ ಚೊಂಬು. ಕೊರಳಲ್ಲಿ ಲಿಂಗದ ಕರಡಿಗೆ ಹೇಗೂ ಇದ್ದೇ ಇದೆ. ಇವಳದು ಗಟ್ಟಿ ನೇಮ. ಸ್ನಾನ, ಆಮೇಲೆ ಲಿಂಗಪೂಜೆ, ಅಲ್ಲಿಯವರೆಗೆ ಹನಿ ನೀರೂ ಇಲ್ಲ. ಹೆರಿಗೆಯಾದ ದಿನವೂ ಬಿಟ್ಟಿಲ್ಲ. ಮನೆಯಲ್ಲಾದರೆ ಐದೂವರೆಗೆಲ್ಲ ಮುಗಿದಿರುತ್ತದೆ, ಗೊತ್ತೇ ಆಗುವುದಿಲ್ಲ.

ಮೇಲೆ ಸ್ನಾನ ಹೇಗೆ ಅಂತ ಕೇಳಿದೆ. ಬಿಸಿನೀರು ಕೊಡುತ್ತಾರಂತೆ. ಎಲ್ಲಿಯವರೆಗೆ ಕೊಡುತ್ತಾರೆ ಅಂತ ಕೇಳಬೇಕಿತ್ತು. ನಾನು, ಐಸಿನಲ್ಲಿ ಮಿಂದರೆ ನೀನು ಅಂಬವ್ವ ಅಲ್ಲ, ಅಂಬಾ ಕುಲ್ಫಿ ಅಂದೆ. ನಕ್ಕಳು. ಅಷ್ಟಕ್ಕೇ ಖುಷಿಯಾಗಿ ಕೇಳುವುದು ಮರೆತೆ.

ಮೇ ೧೪, ಮಂಗಳವಾರ

ಸ್ಟೇಷನ್ನಿಗೆ ಬಿಟ್ಟು ಬಂದೆ. ಕಿಟಕಿಯಲ್ಲಿ ಕೂತು, ಗ್ಯಾಸ್ ಬಂದ್ ಮಾಡಿ ಮಲಗಿರಿ ಅಂದಳು. ರೈಲು ಹೊರಟ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಅನೌನ್ಸರ್ ದನಿ ತೆಗೆದು ಅವಳ ಹೆಸರು ಕೂಗಿದೆ. ಕೇಳಿಸಿತೋ ಇಲ್ಲವೋ.

ಮೇ ೧೭, ಶುಕ್ರವಾರ

ಬೇಸ್ ಕ್ಯಾಂಪ್ ಮುಟ್ಟಿದರು. ಆಕ್ಸಿಜನ್ ತೊಂಬತ್ತೊಂದು. ಒಂದು ಬಕೆಟ್ ಬಿಸಿನೀರು ಸಿಕ್ಕಿತಂತೆ, ದನಿಯಲ್ಲಿ ಹುಡುಗಿಯ ಸಡಗರ. ಬೆಟ್ಟದ ತುದಿಯಲ್ಲಿ ಬೆಳ್ಳಗೆ ಕಾಣುತ್ತಿದೆಯಂತೆ.

ಅವಳು ಬೇಸ್ ಕ್ಯಾಂಪಿನಲ್ಲಿ. ನಾನು ಬೇಸರ ಕ್ಯಾಂಪಿನಲ್ಲಿ. ನಿಂಗಣ್ಣ ಮಧ್ಯಾಹ್ನ ಯಾರದೋ ಫೋನಿನಿಂದ ಹಿಂದಿಯಲ್ಲಿ ಕೊರಿಯರ್‌ನವನ ದನಿ ಮಾಡಿ ಕಾಲ್ ಮಾಡಿದ — ಅಂಕಲ್, ಆಪ್ ಕಾ ಪಾರ್ಸಲ್ ಹೈ, ನೀಚೆ ಆಯಿಯೇ. ಲುಂಗಿಯಲ್ಲೇ ಕೆಳಗಿಳಿದು ಗೇಟಿನ ತನಕ ಹೋದೆ. ಹಿಂದಿಯಲ್ಲಿ ಅವನನ್ನು ಹಿಡಿಯಲಾಗುವುದಿಲ್ಲ. ಕನ್ನಡದಲ್ಲಾದರೆ ನಾನೇ ರಾಜ.

ಮೇ ೧೯, ಭಾನುವಾರ. ಸಂಜೆ

ಶುಭಾಂಗಿತಾಯಿಯ ಕಾಲ್. ಕ್ಯಾಂಪಿನ ಹತ್ತಿರ ಒಂದು ಬಂಡೆ ಇದೆ, ಅದರ ಮೇಲೆ ನಿಂತರೆ ನೆಟ್‌ವರ್ಕ್ ಬರುತ್ತದಂತೆ. ಹನ್ನೊಂದೂವರೆ ಸಾವಿರ ಅಡಿ. ಮರಾಠಿಯಲ್ಲಿ ಪಿಸುಗುಟ್ಟಿದಳು.

ಬಿಸಿನೀರು ಬೇಸ್ ಕ್ಯಾಂಪಿಗೇ ಮುಗಿಯಿತು. ಮೇಲೆ ಸ್ನಾನ ಬೇಡವೇ ಬೇಡ ಅಂತ ಕಿಶೋರ ಹೇಳಿದ್ದಾನೆ. ಇವಳು ಮಧ್ಯಾಹ್ನ ಮುಂದಿನ ಕ್ಯಾಂಪ್ ಮುಟ್ಟಿ, ಬಿಸಿಲು ಬಿದ್ದ ಮೇಲೆ, ಟೆಂಟಿನ ಹಿಂದೆ ಒಂದು ಚೊಂಬು ತಣ್ಣೀರು ಸುರಿದುಕೊಂಡು, ಪೂಜೆ ಮಾಡಿ, ಆಮೇಲೆ ನೀರು ಕುಡಿಯುತ್ತಾಳೆ. ಅಂದರೆ ಇಡೀ ಏರು ಒಣ ಬಾಯಲ್ಲೇ. ಕಿಶೋರ ಬಾಟಲಿ ಚೆಕ್ ಮಾಡುತ್ತಾನೆ. ಅದಕ್ಕೆ ದಾರಿಯಲ್ಲಿ ಗಿಡದ ಬುಡಕ್ಕೆ ಸುರಿದು ಖಾಲಿ ಬಾಟಲಿ ತೋರಿಸುತ್ತಾಳೆ. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ನಿನ್ನೆಯಿಂದ ತಲೆನೋವು. ನಿನ್ನೆ ರಾತ್ರಿ ಊಟ ವಾಂತಿ.

ಕಿಶೋರನಿಗೆ ಹೇಳು ಅಂದೆ. ಶುಭಾಂಗಿತಾಯಿ ಒಪ್ಪಲಿಲ್ಲ. ಹೇಳಿದರೆ ಇಬ್ಬರನ್ನೂ ಇಳಿಸುತ್ತಾನೆ. ನಾಳೆ ಇಲ್ಲೇ ವಿಶ್ರಾಂತಿ, ಸುಧಾರಿಸಬಹುದು. ಭಾವೂಜಿ, ನೀವೇ ಏನಾದರೂ ಹೇಳಿ ನೀರು ಕುಡಿಸಿ ಅಂದಳು.

ಅಂಬವ್ವನ ಜೊತೆ ಮಾತಾಡಿದೆ. ಬೈದೆ. ಬೇಡಿಕೊಂಡೆ. ‘ನಮ್ಮವ್ವ ಸಾಯೂತನಕ ಬಿಡಲಿಲ್ರಿ. ನಾ ಬೆಟ್ಟ ನೋಡಾಕ ಬಂದು ಬಿಡ್ಲ್ಯಾ?’ ತಲೆನೋವಿಗೆ ಬಿಸಿಲು ಕಾರಣವಂತೆ.

ಕಿಶೋರನ ನಂಬರ್ ನನ್ನ ಹತ್ತಿರ ಇದೆ. ಮಾಡಲಿಲ್ಲ. ಇಳಿಸಿಬಿಟ್ಟರೆ ಜೀವಮಾನವಿಡೀ ನನ್ನನ್ನು ಅಂದಾಳು. ನನ್ನ ತಲೆಯಲ್ಲಿ ಬೇರೆ ಉಪಾಯ ಬಂದಿದೆ. ಇವಳ ನೇಮ ಸಡಿಲಿಸುವವರು ಲೋಕದಲ್ಲಿ ಒಬ್ಬರೇ. ಅಜ್ಜಾರು. ಈ ವಾರ ಅವರು ದಹಿಸರಿನಲ್ಲಿ ಭಕ್ತರೊಬ್ಬರ ಮನೆಯಲ್ಲೇ ಇದ್ದಾರೆ. ಈ ಸಲ ಅಸಲಿ.

ಮೇ ೨೦, ಸೋಮವಾರ

ಬೆಳಿಗ್ಗೆ ಓಟು. ಬೆರಳಿಗೆ ಶಾಯಿ. ಅಲ್ಲಿಂದ ನೇರ ದಹಿಸರ್. ರಜೆಯ ದಿನ, ಲೋಕಲ್ ಖಾಲಿ.

ಅಜ್ಜಾರಿಗೆ ಎಲ್ಲ ಹೇಳಿದೆ, ಹೋಳಿಗೆಯ ಕತೆ ಬಿಟ್ಟು. ಕೇಳಿ ನೊಂದುಕೊಂಡರು. ಸ್ನಾನಕ್ಕೆ ನೀರೇ ಬೇಕೆಂದು ಯಾರು ಹೇಳಿದರು, ವಿಭೂತಿ ಧರಿಸಿದರೆ ಅದೇ ಭಸ್ಮಸ್ನಾನ, ಹಾಸಿಗೆಯಲ್ಲೇ ಕೂತು ಪೂಜೆ ಮಾಡಿ ನೀರು ಕುಡಿಯಲಿ, ಜೀವ ಉಳಿಸುವುದಕ್ಕಿಂತ ದೊಡ್ಡ ನೇಮ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಫೋನ್ ಮಾಡಿ ಕೊಡು ಅಂದರು.

ನಾಲ್ಕೂವರೆಗೆ ಬಂಡೆಯ ಮೇಲೆ ನಿಲ್ಲಿಸುತ್ತೇನೆಂದು ಶುಭಾಂಗಿತಾಯಿ ಮೆಸೇಜ್ ಹಾಕಿದ್ದಳು. ಮೊದಲು ವಿಡಿಯೋ ಪ್ರಯತ್ನಿಸಿದೆ. ಚಿತ್ರ ಬರಲಿಲ್ಲ, ಚಕ್ರ ತಿರುಗುತ್ತಲೇ ಇತ್ತು. ಸಾದಾ ಕಾಲ್ ಹತ್ತಿತು. ಸ್ಪೀಕರ್ ಹಾಕಿ ಅಜ್ಜಾರ ಮುಂದೆ ಹಿಡಿದೆ.

‘ಹ್ಞಾ ತಾಯಿ,’ ಅಂದರು ಅಜ್ಜಾರು. ‘ನೀರು ಕುಡಿಯವ್ವ. ನಾ ಹೇಳಾಕತ್ತೀನಿ. ವಿಭೂತಿ ಹಚ್ಚಿಕೋ, ಅದ ಜಳಕ.’

ಆ ಕಡೆ ಗಾಳಿಯ ಸದ್ದು. ಆಮೇಲೆ ನಗು. ತಲೆನೋವಿನಲ್ಲೂ ಹೊಟ್ಟೆ ತುಂಬ ನಗು.

‘ಈ ಸಲ ಭಾಳ ಛಲೋ ಮಾಡೀರಿ ಬಿಡ್ರಿ. ಗೊಗ್ಗರ ಸುದ್ಧಾ ಹಂಗ ಬಂತು. ಆದ್ರ ನಾ ಅಂಬವ್ವ ಅದೀನಿ. ಎರಡನೇ ಸಲ ಬೀಳಂಗಿಲ್ಲ.’

ಅಜ್ಜಾರು ನನ್ನ ಮುಖ ನೋಡಿದರು. ನಾನು ಫೋನ್ ಕಸಿದುಕೊಂಡು, ‘ಏ ಅಂಬೂ, ಖರೇನ ಅಜ್ಜಾರು, ನಿನ್ನಾಣಿ’ ಅಂದೆ.

‘ಹ್ಞೂಂ, ಈಗ ನಿಮ್ಮ ದನಿ ಬಂತು ನೋಡ್ರಿ,’ ಅಂದಳು. ಇನ್ನೂ ನಗುತ್ತಿದ್ದಳು. ಗ್ಯಾಸ್ ಬಂದ್ ಮಾಡಿ ಮಲಗಿರಿ ಅಂದಳು. ಲೈನ್ ಹೋಯಿತು.

ಎಷ್ಟು ಸಲ ಮಾಡಿದರೂ ಹತ್ತಲಿಲ್ಲ. ಅಜ್ಜಾರ ಪಕ್ಕ ಕೂತು ಫೋಟೋ ತೆಗೆಸಿ ಕಳಿಸಿದೆ. ಅಜ್ಜಾರು ಯಾಕೆ ನಂಬಲಿಲ್ಲ ಅಂತ ಕೇಳಿದರು. ಆಗ ಹೋಳಿಗೆಯ ಕತೆ ಹೇಳಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ೨೧, ಮಂಗಳವಾರ

ವಾಟ್ಸಾಪಿನಲ್ಲಿ ಫೋಟೋಕ್ಕೆ ಇನ್ನೂ ಒಂದೇ ಟಿಕ್, ಮುಟ್ಟಿಲ್ಲ. ಇವತ್ತಿನಿಂದ ಬಂಡೆಯೂ ಇಲ್ಲ, ಮೇಲೆ ಎಲ್ಲೂ ನೆಟ್‌ವರ್ಕ್ ಇಲ್ಲ.

ಕಿಶೋರನಿಗೆ ಕಾಲ್. ಸ್ವಿಚ್ ಆಫ್. ನಿನ್ನೆ, ಮೊನ್ನೆ ಮಾಡಿದ್ದರೆ ಹತ್ತುತ್ತಿತ್ತು. ಬೇಸ್ ಕ್ಯಾಂಪಿನ ಆಫೀಸಿಗೆ ಮಾಡಿದೆ. ಎಲ್ಲ ಹೇಳಿದೆ, ನೀರು, ಬಾಟಲಿ, ತಲೆನೋವು, ವಾಂತಿ. ಸಂಜೆ ವಾಕಿಟಾಕಿಯಲ್ಲಿ ತಿಳಿಸುತ್ತೇವೆ, ನಿಮ್ಮ ಆಂಟಿ ಏಕದಂ ಫಿಟ್ ಅಂದ ಹುಡುಗ. ಸಂಜೆ ಮತ್ತೆ ಮಾಡಿದೆ. ಮೇಲೆ ಹವಾ ಕೆಟ್ಟಿದೆ, ವಾಕಿಟಾಕಿ ಕೂಡುತ್ತಿಲ್ಲ.

ಎತ್ತರಕ್ಕೆ ಹೋದಳು, ಉತ್ತರ ಇಲ್ಲ. ಇಂಥದ್ದು ಈಗಲೂ ತಾನಾಗಿ ಬರುತ್ತದೆ. ಥೂ.

ಮೇ ೨೪, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸೆಕೆ. ನಿಂಗಣ್ಣ ಊಟ ತಂದಿಟ್ಟು ಹೋದ. ಬೆಳಿಗ್ಗೆ ಎದ್ದು ನೀರು ಕುಡಿಯಲು ಲೋಟ ಎತ್ತಿದೆ, ಕುಡಿಯಲಾಗಲಿಲ್ಲ.

ಮಧ್ಯಾಹ್ನ ಬೇಸ್ ಕ್ಯಾಂಪಿನಿಂದ ಕಾಲ್. ಈಗ ಆ ಹುಡುಗನ ದನಿಯಲ್ಲಿ ಏಕದಂ ಇಲ್ಲ. ನಿನ್ನೆ ಮೇಲಿನ ಕ್ಯಾಂಪಿನಲ್ಲಿ ಆಂಟಿ ನೆಟ್ಟಗೆ ನಡೆಯಲಾರದೆ ಬಿದ್ದರು. ಏನೇನೋ ಮಾತಾಡುತ್ತಿದ್ದರು, ಶುಭಾಂಗಿ ಮೇಡಂ ಗುರುತು ಸಿಗಲಿಲ್ಲ. ಆಕ್ಸಿಜನ್ ಐವತ್ತೆಂಟು. ಶುಭಾಂಗಿ ಮೇಡಂ ಅಳುತ್ತಾ ಆಗ ಎಲ್ಲ ಹೇಳಿದರು. ಸಿಲಿಂಡರ್ ಹಚ್ಚಿದ್ದಾರೆ. ಹಿಮ ಬೀಳುತ್ತಿದೆ, ಹೆಲಿಕಾಪ್ಟರ್ ಬರಲಾಗದು. ನಿಂತ ಕೂಡಲೇ ಹೊತ್ತು ಇಳಿಸುತ್ತಾರೆ.

ಈಗ ನೀರು ಕುಡಿಯುತ್ತಿದ್ದಾಳಾ ಅಂತ ಕೇಳಿದೆ. ಕೊಟ್ಟರೆ ಬಾಯಿ ತೆರೆಯುವುದಿಲ್ಲ, ಕೊರಳಲ್ಲಿರುವ ಏನನ್ನೋ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾರೆ ಅಂದ. ಸರೋವರ ನೋಡಿದಳಾ ಅಂತ ಕೇಳಿದೆ. ಇಲ್ಲ, ಅದು ಇನ್ನೂ ಮುಂದಿದೆ.

ನಾಳೆ ಬೆಳಗಿನ ವಿಮಾನಕ್ಕೆ ಟಿಕೆಟ್, ಡೆಹ್ರಾಡೂನಿಗೆ. ನಿಂಗಣ್ಣ ಮಾಡಿಕೊಟ್ಟ. ಬಿಪಿ ಗುಳಿಗೆ ಎರಡು ನುಂಗಿದೆ. ಅವಳ ಬೂದು ಶಾಲು ಚೀಲದಲ್ಲಿಟ್ಟಿದ್ದೇನೆ. ಗ್ಯಾಸ್ ಬಂದ್ ಮಾಡಿದ್ದೇನೆ.

ಮೇ ೨೫, ಶನಿವಾರ. ಬೆಳಿಗ್ಗೆ, ಏರ್‌ಪೋರ್ಟ್

ಗೇಟಿನ ಹೊರಗಿನ ಬೆಂಚು. ಬೇಗ ಬಂದುಬಿಟ್ಟೆವು. ಒಳಗೆ ಹೋಗಲು ಇನ್ನೂ ಹೊತ್ತಿದೆ. ನನ್ನನ್ನು ಬಿಡಲು ಬಂದ ನಿಂಗಣ್ಣ ಚಹಾ ತರಲು ಹೋಗಿದ್ದಾನೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅವಳು ಬಂದ ಮೇಲೆ ಒಂದು ದನಿಯನ್ನೂ ತೆಗೆಯುವುದಿಲ್ಲ. ನನ್ನದೊಂದೇ. ಅದು ಅವಳಿಗೆ ಸಪ್ಪೆ ಅನ್ನಿಸೀತು. ಅನ್ನಿಸಲಿ.

ಈಗ ಫೋನ್ ಬಂತು. ಗೊತ್ತಿಲ್ಲದ ನಂಬರ್. ಹಿಂದಿ. ಅಂಕಲ್, ಮೈ ಕಿಶೋರ್ ಬೋಲ್ ರಹಾ ಹೂಂ, ಆಪ್ ಕೇ ಸಾಥ್ ಕೋಯೀ ಹೈ ಕ್ಯಾ, ಬೈಠ್ ಜಾಯಿಯೇ. ಜೊತೆಗೆ ಯಾರಾದರೂ ಇದ್ದಾರಾ, ಕೂತುಕೊಳ್ಳಿ ಅಂತ.

ನಕ್ಕೆ. ‘ನಿಂಗ್ಯಾ, ಇವತ್ತ ಬ್ಯಾಡೋ,’ ಅಂದೆ. ‘ಹಿಂದಿ ಛಲೋ ಐತಿ, ಆದ್ರ ಇವತ್ತ ಬ್ಯಾಡ.’ ಆತ ಮತ್ತೆ ಅಂಕಲ್ ಅಂದ. ದನಿ ನಡುಗಿಸಿದ. ಎಷ್ಟು ಚೆನ್ನಾಗಿ ನಡುಗಿಸುತ್ತಾನೆ, ನನಗೂ ಅಷ್ಟು ಬರುವುದಿಲ್ಲ. ಕಟ್ ಮಾಡಿದೆ.

ಮತ್ತೆ ರಿಂಗ್. ಅದೇ ನಂಬರ್. ಎತ್ತುವುದಿಲ್ಲ. ಮಾಡಲಿ, ಎಷ್ಟು ಸಲ ಮಾಡುತ್ತಾನೋ ಮಾಡಲಿ. ಎರಡನೇ ಸಲ ಬೀಳುವುದಿಲ್ಲ.

ಅಗೋ ನಿಂಗಣ್ಣ ಬರುತ್ತಿದ್ದಾನೆ. ಜನರ ನಡುವೆ, ನಿಧಾನ, ಚೆಲ್ಲದ ಹಾಗೆ. ಎರಡು ಕೈಯಲ್ಲೂ ಚಹಾ. ಫೋನ್ ಇನ್ನೂ