ಕೇಳದೆ ತೆಗೆದುಕೊಂಡ ಉಸಿರು

ಮೂರನೆಯ ಬಾಗಲಕೋಟೆ,
ಇಸವಿ ೨೨೧೪, ಎರಡನೆಯ ಬೇಸಿಗೆಯ ನಡುಭಾಗ

ನಮಗಿಂತ ಬಹಳ ಮುಂಚೆ ಬದುಕಿದವರಿಗೆ, ಅದರಲ್ಲೂ ಕಂಪ್ಯೂಟರಿನ ಮುಂದೆ ಕೂತು ಸಂಗೀತದ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿ ಒಳ್ಳೆಯದು, ಕೆಟ್ಟದ್ದು ಎಂದು ಬರೆಯುವವರಿಗೆ, ಕಸ್ತೂರಿ ಭಜಂತ್ರಿಯ ನಮಸ್ಕಾರ.

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ನಿಮ್ಮ ಕಾಲದ ಬರಹಗಳನ್ನು ಓದಿ, ಆದಷ್ಟು ಅದೇ ಮಾತಿನಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಬೆಳಕು ಹರಿಯುವ ಮೊದಲೇ ಸಂತೆ ಮುಗಿಯುತ್ತದೆ. ಬಿಸಿಲೇರಿದ ಮೇಲೆ ಜನ ದಪ್ಪ ಮಣ್ಣಿನ ಗೋಡೆಯ ಸಾರ್ವಜನಿಕ ಮನೆಗಳಲ್ಲಿ ಕೂಡುತ್ತಾರೆ. ಅಂಥದ್ದೊಂದನ್ನು ನಾನೂ ನನ್ನ ಗೆಳತಿ ಮಂದಾಕಿನಿಯೂ ಸೇರಿ ಕಟ್ಟಿದೆವು. ಅದಕ್ಕೆ ಕೇಳುಮನೆ ಎಂದು ಹೆಸರಿಟ್ಟೆವು. ನೀವು ವರ್ಚುವಲ್ ಸಿಂಥಸೈಜರ್ ಎನ್ನುತ್ತಿದ್ದದ್ದನ್ನು ನಾವು ಮೈಯಿಲ್ಲದ ವಾದ್ಯ ಎನ್ನುತ್ತೇವೆ. ಹೊಸತು ಯಾವುದೇ ಬರಲಿ, ಕೊಳ್ಳುವ ಮೊದಲು ಕಲಾವಿದರು ನಮ್ಮ ಅಭಿಪ್ರಾಯಕ್ಕೆ ಕಾಯುತ್ತಿದ್ದರು. ಕೀಲಿ ಒತ್ತಿದೊಡನೆ ದನಿ ಬರುತ್ತದೋ, ತಡವರಿಸುತ್ತದೋ. ಜೋರಾಗಿ ಒತ್ತಿದರೆ ಬರೀ ಸದ್ದು ಹೆಚ್ಚುತ್ತದೋ, ದನಿಯ ಗುಣವೂ ಬದಲಾಗುತ್ತದೋ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಮೆಟ್ಟಿಲು ಹತ್ತಿದಂತಿದೆಯೋ, ನೀರು ಹರಿದಂತಿದೆಯೋ. ಹೀಗೆ ನೋಡುತ್ತಿದ್ದೆವು. ತಯಾರಕರಿಂದ ಏನೂ ತೆಗೆದುಕೊಳ್ಳಬಾರದು, ಕೇಳಿದ್ದನ್ನು ಕೇಳಿದಂತೆ ಹೇಳಬೇಕು ಎಂಬುದು ನಮ್ಮಿಬ್ಬರ ಒಪ್ಪಂದ. ಮಂದಾಕಿನಿಯ ಕಿವಿ ನನ್ನದಕ್ಕಿಂತ ಚುರುಕು. ನಾನು ಅವಳನ್ನು ನನಗಿಂತ ಹೆಚ್ಚು ನಂಬಿದ್ದೆ.

ನನ್ನ ಅಣ್ಣ ಯಮನಪ್ಪ ಶಹನಾಯಿ ನುಡಿಸುವವನು. ನಮ್ಮ ಮನೆತನದ ಕಸುಬೇ ಅದು. ಚಿಕ್ಕಂದಿನಲ್ಲಿ ನೀರಿನ ಟ್ಯಾಂಕರಿನಿಂದ ಬಿದ್ದು ಅವನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಹಾಗಾಗಿ ಮೇಲಿನ ಷಡ್ಜಕ್ಕೆ ಏರುವಾಗ ಸ್ವರಕ್ಕಿಂತ ಒಂದು ಚೂರು ಮುಂಚೆ ಗಾಳಿ ಸೋರುತ್ತಿತ್ತು. ಊರವರು ಅದನ್ನು ಊನವೆಂದು ತಿಳಿಯಲಿಲ್ಲ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಅವನು ಆ ಸ್ವರ ಹಿಡಿದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ತನ್ನ ನುಡಿಸಾಣಿಕೆಯನ್ನು ಯಂತ್ರಕ್ಕೆ ಕೊಡಲು ಅವನು ಒಪ್ಪುತ್ತಿರಲಿಲ್ಲ. ಒಮ್ಮೆ ಮಾತ್ರ, ಕೇಳುಮನೆಯ ಹೊಸ ಮೈಕುಗಳನ್ನು ಪರೀಕ್ಷಿಸಲು ಬೇಕೆಂದು ಮಂದಾಕಿನಿ ಬೇಡಿಕೊಂಡಾಗ, ಒಂದಿಡೀ ಮುಂಜಾನೆ ಊದಿಕೊಟ್ಟ. ಕೆಲಸ ಮುಗಿದ ಮೇಲೆ ಎಲ್ಲ ಅಳಿಸಿಬಿಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಮರುವರ್ಷ ಅಣ್ಣನ ಮುಖದ ಒಂದು ಬದಿಗೆ ಲಕ್ವಾ ಹೊಡೆಯಿತು. ತುಟಿ ಕೂಡದಾಯಿತು. ಶಹನಾಯಿ ಗೂಡು ಸೇರಿತು.

ಆಮೇಲೆ ಒಂದು ದಿನ ‘ಮೊದಲುಸಿರು’ ಎಂಬ ಮೈಯಿಲ್ಲದ ವಾದ್ಯ ನಮ್ಮಲ್ಲಿಗೆ ಪರೀಕ್ಷೆಗೆ ಬಂತು. ಯಾರ ನುಡಿಸಾಣಿಕೆಯನ್ನೂ ಬಳಸಿಲ್ಲ, ಬರೀ ಲೆಕ್ಕದಿಂದ ಹುಟ್ಟಿಸಿದ ದನಿ ಎಂದು ತಯಾರಕರು ಹೇಳಿಕೊಂಡಿದ್ದರು. ಕೀಲಿಯ ಮೇಲೆ ಬೆರಳಿಟ್ಟೆ. ಕೆಳಗಿನ ಸ್ವರಗಳು ತುಂಬಿ ಬಂದವು. ಜಾರು ಅಷ್ಟು ಸಲೀಸಾಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಿಗ್ಗಿನಿಂದ ಮೇಲಿನ ಷಡ್ಜಕ್ಕೆ ಏರಿದೆ. ಸ್ವರಕ್ಕೆ ಮುಂಚೆ ಗಾಳಿ ಸೋರಿತು. ಮತ್ತೆ ಏರಿದೆ. ಮತ್ತೆ ಸೋರಿತು. ಕೀಲಿಯಿಂದ ಬೆರಳು ತೆಗೆದೆ.

ಮಂದಾಕಿನಿ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡಿದೆ. ಅವಳು ನೆಲ ನೋಡಿದಳು.

“ಅಳಸ್ತೀನಿ ಅಂದಿದ್ದಿ,” ಎಂದೆ.

“ಅಳಿಸಿದ್ರ ಏನ್ ಉಳೀತಿತ್ತು, ಕಸ್ತೂರಿ? ಅವನ ತುಟಿ ಹೋತು. ಊದಿದ್ದೂ ಮಣ್ಣಾಗ ಹೋಗ್ಬೇಕಿತ್ತೇನು? ತಯಾರಕರಿಗೆ ಕೊಟ್ಟೆ. ಇನ್ಮ್ಯಾಲೆ ನಾಡ ತುಂಬ ಕೇಳ್ತೈತಿ.”

“ಕೇಳಿ ಇಸ್ಕೋಬೇಕಿತ್ತಲ್ಲ.”

“ಕೇಳಿದ್ರ ಬ್ಯಾಡ ಅಂತಿದ್ದ. ಅದಕ್ಕ ಕೇಳಲಿಲ್ಲ.”

ಈ ಮಾತನ್ನು ಅವಳು ನಾಚದೆ, ಸಹಜವಾಗಿ ಹೇಳಿದಳು. ಅಷ್ಟು ವರ್ಷ ಒಂದೇ ಬುತ್ತಿಯಲ್ಲಿ ಉಂಡವಳು ಅವಳು. ಒಳಗೆ ಹೋಗಿ ಅಭಿಪ್ರಾಯ ಬರೆಯಲು ಕೂತೆ. ದನಿ ಚೆನ್ನಾಗಿಲ್ಲ ಎಂದು ಬರೆಯಲು ಮನಸ್ಸು ಬರಲಿಲ್ಲ, ಯಾಕೆಂದರೆ ಚೆನ್ನಾಗಿತ್ತು. ಇದರಷ್ಟು ಜೀವಂತ ವಾದ್ಯ ನಮ್ಮ ಮನೆಗೆ ಬಂದಿಲ್ಲ ಎಂದು ಬರೆದೆ. ಕೆಳಗೆ, ಇದು ಲೆಕ್ಕದಿಂದ ಹುಟ್ಟಿದ್ದಲ್ಲ, ಯಮನಪ್ಪ ಭಜಂತ್ರಿಯ ಉಸಿರು, ಅವನನ್ನು ಕೇಳದೆ ತೆಗೆದದ್ದು, ಕೊಳ್ಳಬೇಡಿ ಎಂದು ಬರೆದೆ. ಅದು ಹೊರಬಿದ್ದ ಮೇಲೆ ಅಣ್ಣನಿಗೆ ಹೇಳೋಣ ಎಂದುಕೊಂಡು ಮನೆಗೆ ಹೋದೆ.

ಅಭಿಪ್ರಾಯ ಹೊರಬಿಡುವ ಕೆಲಸ ಮಂದಾಕಿನಿಯದು. ಅವಳು ಕೆಳಗಿನದ್ದನ್ನು ಕತ್ತರಿಸಿ, ಮೇಲಿನದ್ದನ್ನಷ್ಟೇ ನನ್ನ ಹೆಸರಿನಲ್ಲಿ ಹೊರಬಿಟ್ಟಳು.

ಇದು ನನಗೆ ತಿಳಿದದ್ದು ನಮ್ಮ ಓಣಿಯ ಹೂಗಾರರ ಮನೆಯ ಮದುವೆಯಲ್ಲಿ. ಅಣ್ಣ ಹೊಸ ರುಮಾಲು ಸುತ್ತಿಕೊಂಡು ಬಂದು, ಮೊದಲ ಸಲ ಬರೀ ಅತಿಥಿಯಾಗಿ ಚಾಪೆಯ ಮೇಲೆ ಕೂತಿದ್ದ. ಅಕ್ಷತೆ ಬೀಳುವ ಹೊತ್ತಿಗೆ ಮೂಲೆಯ ಪೆಟ್ಟಿಗೆಯಿಂದ ಶಹನಾಯಿ ಹೊಮ್ಮಿತು. ಅಣ್ಣ ತಲೆದೂಗಿದ. “ಯಾರವ್ವಾ ಇಷ್ಟು ಚಂದ ಊದವ್ರು?” ಎಂದು ನನ್ನತ್ತ ಬಾಗಿ ಕೇಳಿದ. ಅಷ್ಟರಲ್ಲಿ ಆ ದನಿ ಮೇಲಿನ ಷಡ್ಜಕ್ಕೆ ಏರಿತು. ಅಣ್ಣನ ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು.

ಹಿಂದೆ ಕೂತಿದ್ದ ಹೂಗಾರರ ಹಿರಿಯ, ಪಾಪ, ಏನೂ ತಿಳಿಯದೆ, “ಮೊದಲುಸಿರು ಅಂತ ಯಮನಪ್ಪಾ. ನಿನ್ನ ತಂಗೀನ ಭೇಷ್ ಅಂದಾಳ. ಅದಕ್ಕ ತರಿಸಿದ್ವಿ,” ಎಂದ.

ಅಣ್ಣ ನನ್ನನ್ನು ನೋಡಿದ. “ನೀನೂ ಸೇರಿದ್ದೇನ?” ಎಂದ, ಅಷ್ಟೇ. ಊಟಕ್ಕೆ ನಿಲ್ಲದೆ ಎದ್ದು ಹೋದ.

ಕಲಾವಿದರ ಸಭೆ ಕರೆದು ನಡೆದದ್ದೆಲ್ಲ ಹೇಳಿದೆ. ಕೆಲವರು ನಂಬಿದರು. ಉಳಿದವರು ಆಗಲೇ ಆ ದನಿಯಲ್ಲಿ ಹಾಡು ಕಟ್ಟಿಬಿಟ್ಟಿದ್ದರು. ಅವರಿಗೆ ನನ್ನ ಮಾತು ಬೇಕಿರಲಿಲ್ಲ. ಅಣ್ಣನ ಉಸಿರನ್ನು ತೆಗೆದುಹಾಕಿ ಎಂದು ತಯಾರಕರನ್ನು ಕೇಳಿದೆ. ಅದು ಬೇರೆಲ್ಲದರೊಂದಿಗೆ ಬೆರೆತುಹೋಗಿದೆ, ಬೇರ್ಪಡಿಸಲಾಗದು ಎಂದು ಅವರು ತಣ್ಣಗೆ ಉತ್ತರ ಕೊಟ್ಟರು. ನಾನು ಕೇಳುಮನೆ ಬಿಟ್ಟೆ. ಮಂದಾಕಿನಿ ಅದನ್ನು ಇಂದಿಗೂ ನಡೆಸುತ್ತಿದ್ದಾಳೆ. ಎದುರು ಸಿಕ್ಕರೆ, ಆರಾಮಿದ್ದೀಯಾ ಎಂದು ಕೇಳುತ್ತಾಳೆ. ನಾನು ದಾಟಿ ಹೋಗುತ್ತೇನೆ.

ಅಣ್ಣ ಬಹಳ ದಿನ ನನ್ನ ಮನೆಯ ಕಡೆ ಬರಲಿಲ್ಲ. ಕೊನೆಗೆ ಬಂದ. ನಾನು ಮಾಡಿದ ಜೋಳದ ರೊಟ್ಟಿ ಮುರಿಯುತ್ತ, “ನೀ ಮಾರಿಲ್ಲ ಅಂತ ನಂಗ ಗೊತ್ತೈತಿ, ತಂಗೀ,” ಎಂದ. ಆಮೇಲೆ, “ಆದ್ರ ಎಲ್ಲರೆ ಆ ದನಿ ಕೇಳಿದ್ರ ನಂಗ ಮೊದಲು ನೀನ ನೆನಪಾಗ್ತಿ. ಏನ್ ಮಾಡ್ಲಿ?” ಎಂದ. ಇನ್ನೊಂದು ರೊಟ್ಟಿ ಹಾಕಿದೆ. ಅವನು ತಿಂದ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಇವೆಲ್ಲ ಇನ್ನೂ ಎಳೆಯವು ಎಂದು ಓದಿದ್ದೇನೆ. ಹೊಸ ವಾದ್ಯ ತೆರೆದು, ಹೆಡ್‌ಫೋನ್ ಹಾಕಿಕೊಂಡು, ಆಹಾ ಎನ್ನುವ ಮೊದಲು ಈ ದನಿ ಯಾರದು ಎಂದು ಕೇಳಿ. ಅವರು ಬದುಕಿದ್ದರೆ ಅವರ ಮನೆಗೇ ಹೋಗಿ ಕೇಳಿ. ಬೇಡ ಎಂದರೆ ಕೈ ಮುಗಿದು ಎದ್ದು ಬನ್ನಿ. ಆ ದನಿ ಅವರ ಜೊತೆಯೇ ಹೋಗಿಬಿಡಬಹುದು. ಹೋದರೆ ನಿಮಗೂ ನಷ್ಟ, ನಮಗೂ ನಷ್ಟ. ಆ ನಷ್ಟವನ್ನು ನಾವು ಹೇಗೋ ತಡೆದುಕೊಳ್ಳುತ್ತೇವೆ.

ನಿಮಗೆ ಒಳ್ಳೆಯದಾಗಲಿ.

ಕಸ್ತೂರಿ ಭಜಂತ್ರಿ