ಶೂನ್ಯವೇಳೆ ಎಷ್ಟೊತ್ತಿಗೆ?

೧೮ ಡಿಸೆಂಬರ್, ಗುರುವಾರ

ಅತ್ತೆ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಮಗಳು ಪುಟ್ಟಿಯ ಹೋಮ್‌ವರ್ಕಿಗೆಂದು ಮೊಬೈಲಿನಲ್ಲಿ ಒಂದು ವೆಬ್‌ಸೈಟು ತೆರೆದಿದ್ದೆ. ಅದರಲ್ಲಿ ಸಂಸತ್ತಿನ ಬಗ್ಗೆ ಎಲ್ಲವೂ ಕನ್ನಡದಲ್ಲೇ ಇದೆ. ಅವಳ ಹೋಮ್‌ವರ್ಕ್ ಮುಗಿದು ವಾರವಾಯಿತು, ನನ್ನ ಓದು ಮುಗಿಯುತ್ತಿಲ್ಲ. ಮಧ್ಯಾಹ್ನ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಬಂದು ಮತ್ತೆ ಮೊಬೈಲು ಹಿಡಿದೆ. “ಲೋಕಸಭೆಯಲ್ಲಿ ಪ್ರಶ್ನೋತ್ತರ ಮುಗಿದ ಮೇಲೆ ಶೂನ್ಯವೇಳೆ” ಎಂದು ಜೋರಾಗಿ ಓದಿದೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು.

“ಶೂನ್ಯದಾಗೆ ಯಾರಾರ ಒಳ್ಳೆ ಮಾತು ಎತ್ತಾರಾ? ಈಗ ಶೂನ್ಯಮಾಸ ಅಂತ ನಾವು ಲಗ್ನದ ಮಾತೇ ಆಡಾಕಿಲ್ಲ. ಡೆಲ್ಲಿಯೋರ್ಗೆ ಒಸೀನೂ ಗೊತ್ತಾಗಾಕಿಲ್ವಾ?”

ನಕ್ಕುಬಿಟ್ಟೆ. ನಗಬಾರದಿತ್ತು. ಅದು ಕೆಟ್ಟ ಗಳಿಗೆಯಲ್ಲ, ದಿನಗಟ್ಟಲೆ ಮುಂಚೆ ನೋಟಿಸ್ ಕೊಡದೆ ತುರ್ತಿನ ವಿಷಯ ಎತ್ತುವ ಹೊತ್ತು ಎಂದು ಓದಿ ಹೇಳಿದೆ.

ಅತ್ತೆ ಮತ್ತೊಂದು ಕಾಯಿ ಕೈಗೆತ್ತಿಕೊಂಡರು. “ಅಂಗಾರೆ ನಮ್ ಗ್ರಾಮಸಭೇಲಿ ಅದು ಎಷ್ಟೊತ್ಗೆ ಬತ್ತದೆ? ಹೋದ್ಸಲ ನಾನು ನಲ್ಲಿ ನೀರಿನ ಮಾತೆತ್ತಿದ್ರೆ, ‘ಇವತ್ತಿನ ವಿಷಯದ ಪಟ್ಟೀಲಿಲ್ಲ, ಕೂತ್ಕೊಳಮ್ಮ’ ಅಂದ್ಬುಟ್ರು.”

ಎಷ್ಟು ಹುಡುಕಿದೆನೋ. ಡೆಲ್ಲಿಯದು ಗಂಟೆ ಸಮೇತ ಸಿಗುತ್ತದೆ, ನಮ್ಮೂರಿನದು ಎಲ್ಲೂ ಇಲ್ಲ. ಹಾಗೆಂದು ಹೇಳಿದೆ.

“ಎಲ್ಲೂ ಬರ್ದಿಲ್ವಾ? ಒಳ್ಳೇದೇ ಆಯ್ತು ಬುಡು. ಶನಿವಾರದ ಸಭೇಲಿ ನಾನೇ ಹೇಳ್ತೀನಿ, ಇದೇ ಆ ಹೊತ್ತು ಅಂತ.”

ಈ ಮಾಸದಲ್ಲಿ ಹೊಸ ಬಳೆಯನ್ನೂ ತೊಡದ ಹೆಂಗಸು. ಸಂಕ್ರಾಂತಿ ಕಳೆಯಲಿ ಎನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ. ಸಂಜೆ ನೋಡಿದರೆ, ಪೆಟ್ಟಿಗೆಯಲ್ಲಿದ್ದ ಹೊಸ ಸೀರೆಯ ಮಡಿಕೆ ಬಿಚ್ಚಿ ಹಗ್ಗದ ಮೇಲೆ ಹರವಿದ್ದಾರೆ.